ಕರೆಯಲು ಬಂದವಳು

ಪಾಪಟೋಟೊಯಿ, ಆಕ್ಲೆಂಡ್
15 ಮೇ 2023

ಚಿ. ಸೌ. ವಚನಾಳಿಗೆ ತಾಯಿ ಗಂಗವ್ವನ ಆಶೀರ್ವಾದ.

ಐದು ವರ್ಷದ ಮೇಲೆ ನನ್ನ ಕಾಗದ ಬಂತೆಂದು ಗಾಬರಿಯಾಗಬೇಡ. ಯಾರೂ ಸತ್ತಿಲ್ಲ. ಎಲ್ಲರೂ ಆರೋಗ್ಯವಾಗಿದ್ದೇವೆ. ನಿನ್ನ ವಿಳಾಸವನ್ನು ಪೂರ್ವಿ ತನ್ನ ಅಪ್ಪನ ಫೋನು ನೋಡಿ ಬರೆದುಕೊಟ್ಟಳು. ನೀನು ನೋಡಿದಾಗ ಮೂರು ವರ್ಷದವಳಿದ್ದಳು, ಈಗ ಎಂಟು. ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಅಕ್ಷರ ಮಾತ್ರ ದುಂಡಗಿವೆ, ನನ್ನ ಹಾಗೆ.

ಫೋನ್ ಮಾಡಬಹುದಿತ್ತು. ಆದರೆ ಈ ಮನೆಯಲ್ಲಿ ಫೋನನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಸ್ಪೀಕರ್ ಹಾಕುತ್ತಾರೆ, ಎಲ್ಲರೂ ಕೇಳುತ್ತಾರೆ. ನಾನು ರೋಣದ ಹೈಸ್ಕೂಲಿನಲ್ಲಿ ಮೆಟ್ರಿಕ್‌ವರೆಗೆ ಓದಿದವಳು. ಬರೆಯಲು ಬರುತ್ತದೆ, ಬರೆಯುತ್ತೇನೆ.

ಇಲ್ಲಿ ಊರಿಗೆ ಊರೇ ಮೈತೊಳೆದುಕೊಳ್ಳುತ್ತಿದೆ. ಜುಲೈ ಇಪ್ಪತ್ತರಿಂದ ಹೆಣ್ಣುಮಕ್ಕಳ ಫುಟ್ಬಾಲ್ ವಿಶ್ವಕಪ್ ಅಂತೆ, ಮೊದಲನೆಯ ಆಟ ನಮ್ಮ ಆಕ್ಲೆಂಡಿನಲ್ಲೇ ಅಂತೆ. ನಮ್ಮ ಸ್ಟೇಷನ್ನಿನ ಗೋಡೆಗೆ ಹೊಸ ಬಣ್ಣ ಬಂದಿದೆ. ಹಂಟರ್ಸ್ ಕಾರ್ನರಿನ ನಮ್ಮವರ ಅಂಗಡಿಗಳೂ ಬಾಗಿಲಿಗೆ ಎಲ್ಲ ದೇಶದ ಬಾವುಟ ಸಿಕ್ಕಿಸಿವೆ. ಮಿಠಾಯಿ ಅಂಗಡಿಯವನು ಕಿಟಕಿಯಲ್ಲಿ ಚೆಂಡಿನ ಆಕಾರದ ಲಾಡು ಇಟ್ಟಿದ್ದಾನೆ. ಲಾಡು ಮೊದಲೇ ಚೆಂಡಿನ ಆಕಾರದ್ದಲ್ಲವೇ ಎಂದು ಕೇಳಿದೆ. ಅವನು ನಗಲಿಲ್ಲ.

ನಿನ್ನೆ ತಾಯಂದಿರ ದಿನವಂತೆ. ನಿಮ್ಮತ್ತಿಗೆ ಗೀತಾ ಹೂವು ತಂದಳು, ನಿಮ್ಮಣ್ಣ ಕಿರಣ ಕೇಕು ಕೊಯ್ದ. ಆಮೇಲೆ ಇಬ್ಬರೂ ನನ್ನ ಕೋಣೆಗೆ ಯಾವ ಬಣ್ಣ ಇರಲಿ ಎಂದು ಕೇಳಿದರು. ಬಂದವರಿಗೆ ತಿಳಿಬಣ್ಣವೇ ಇಷ್ಟ ಎಂದು ಆಮೇಲೆ ಗೀತಾಳೇ ತೀರ್ಮಾನ ಮಾಡಿದಳು. ಬಣ್ಣ ತಾಗಬಾರದೆಂದು ನನ್ನ ಟ್ರಂಕನ್ನು ಗ್ಯಾರೇಜಿಗೆ ಇಟ್ಟಿದ್ದಾರೆ.

ನಿನ್ನ ಡನೀಡಿನ್ನಿನಲ್ಲೂ ಆಟ ಇದೆಯೆಂದು ಪೂರ್ವಿ ನಕಾಶೆಯಲ್ಲಿ ತೋರಿಸಿದಳು. ನಾನು ಆ ಕಡೆ ದಕ್ಷಿಣದ ದ್ವೀಪ ನೋಡೇ ಇಲ್ಲ. ಜುಲೈನಲ್ಲಿ ಬಂದರೂ ಬರಬಹುದು. ಕರೆಯುವವರಿದ್ದರೆ. ನಾನು ಕರೆಯದೆ ಯಾರ ಮನೆಗೂ ಹೋದವಳಲ್ಲ, ಅದು ನಿನಗೆ ಗೊತ್ತು.

ನಿತೀಶ್ ಈಗಲೂ ಈಸ್ಟ್ ತಮಾಕಿಯ ಅದೇ ಕಂಪನಿಯಲ್ಲಿದ್ದಾನಂತೆ. ಮಿಠಾಯಿ ಅಂಗಡಿಯಲ್ಲಿ ಕಂಡಿದ್ದ. ನಮಸ್ಕಾರ ಮಾಡಿದ.

ನಿನ್ನ ತಾಯಿ,
ಗಂಗವ್ವ ನಾಗಲಿಂಗಪ್ಪ


ನಾರ್ತ್ ಈಸ್ಟ್ ವ್ಯಾಲಿ, ಡನೀಡಿನ್
27 ಮೇ 2023

ಅವ್ವನಿಗೆ ವಚನಾಳ ಶರಣು.

ನಿನ್ನ ಕಾಗದ ಬಂದು ಎಂಟು ದಿನವಾಯಿತು. ಲಕೋಟೆಯ ಮೇಲೆ ನಿನ್ನ ಅಕ್ಷರ ನೋಡಿ ಒಡೆಯಲಾಗಲಿಲ್ಲ. ಎರಡು ದಿನ ಫ್ರಿಜ್ಜಿನ ಮೇಲೆ ಬಿದ್ದಿತ್ತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನ್ನ ಹೆಸರಿನ ಹಿಂದೆ ‘ಸೌ’ ಹಾಕಬೇಡ. ಎರಡು ವರ್ಷದ ಹಿಂದೆಯೇ ಕೋರ್ಟಿನಲ್ಲಿ ನನಗೂ ನಿತೀಶನಿಗೂ ವಿಚ್ಛೇದನವಾಗಿದೆ. ಅಣ್ಣನಿಗೆ ಗೊತ್ತು. ನಿನಗೆ ಹೇಳಿಲ್ಲವೆಂದರೆ ಅದು ಅವನನ್ನು ಕೇಳಬೇಕಾದ ಪ್ರಶ್ನೆ. ಅವನು ನಮಸ್ಕಾರ ಮಾಡಿದ ಸುದ್ದಿಯನ್ನು ಕಾಗದದ ಕೊನೆಗೆ ಯಾಕೆ ಬರೆದೆ ಎಂದು ನನಗೆ ಅರ್ಥವಾಗುತ್ತದೆ. ಆ ಮಾತು ಆಡಲಿಕ್ಕಾಗಿ ಇಷ್ಟು ದೂರ ಬರುವುದು ಬೇಡ.

ನಾನು ಚೆನ್ನಾಗಿದ್ದೇನೆ. ಆಸ್ಪತ್ರೆಯಲ್ಲಿ ಅದೇ ವಯಸ್ಸಾದವರ ವಾರ್ಡು. ಬಾಡಿಗೆಯ ಮನೆ, ಎರಡು ಕೋಣೆ. ಕಣಿವೆಯಾದ್ದರಿಂದ ಚಳಿಗಾಲದಲ್ಲಿ ಮಧ್ಯಾಹ್ನ ಮೂರಕ್ಕೆ ಬಿಸಿಲು ಗುಡ್ಡದ ಹಿಂದೆ ಹೋಗುತ್ತದೆ. ಜುಲೈ ಅಂತೂ ನಿನ್ನ ಮೊಣಕಾಲಿಗೆ ಆಗುವುದೇ ಇಲ್ಲ.

ಇಲ್ಲಿಯೂ ತಯಾರಿ ನಡೆದಿದೆ. ಊರ ನಡುವಿನ ಆಕ್ಟಗನ್ ಚೌಕದ ಕಂಬಗಳಿಗೆಲ್ಲ ಬಾವುಟ ಬಂದಿವೆ. ನಾನೂ ಸ್ವಯಂಸೇವಕಿಯಾಗಿ ಹೆಸರು ಕೊಟ್ಟಿದ್ದೇನೆ. ಬಂದವರಿಗೆ ಸ್ಟೇಡಿಯಮ್ಮಿನ ದಾರಿ ತೋರಿಸುವುದು, ನಗುತ್ತ ನಿಲ್ಲುವುದು, ಇಷ್ಟೇ ಕೆಲಸ. ನಮ್ಮ ವಾರ್ಡಿನ ನರ್ಸ್ ಮರಿಸೆಲ್ ಫಿಲಿಪ್ಪೀನ್ಸಿನವಳು. ಅವಳ ದೇಶದ ಆಟ ಇಲ್ಲೇ ಇದೆಯೆಂದು ಅವಳ ಬಳಗವೆಲ್ಲ ಬರುತ್ತಿದೆ, ಮನೆಯಲ್ಲಿ ಜಾಗವಿಲ್ಲ. ಅವಳ ತಾಯಿಗೆ ನನ್ನ ಸಣ್ಣ ಕೋಣೆ ಕೊಡುತ್ತೇನೆಂದು ಒಪ್ಪಿಕೊಂಡಿದ್ದೇನೆ. ಹೀಗಾಗಿ ಆ ಕೋಣೆಯೂ ಖಾಲಿ ಇರುವುದಿಲ್ಲ.

ಪೂರ್ವಿಗೆ ಒಂದು ಮುತ್ತು.

ವಚನಾ


ಪಾಪಟೋಟೊಯಿ
6 ಜೂನ್ 2023

ಚಿ. ಸೌ. ವಚನಾಳಿಗೆ ಆಶೀರ್ವಾದ.

ಕೋರ್ಟಿನ ವಿಷಯ ನನಗೆ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ. ಆದರೂ ಬರೆದಿದ್ದೇನೆ. ಬರೆಯುವ ಕೈ ನನ್ನದು, ಕೋರ್ಟಿನದಲ್ಲ.

ನಾನು ನಿನ್ನ ಮನೆಗೆ ಬಂದೇ ಬರುತ್ತೇನೆ ಎಂದು ಎಲ್ಲಿ ಬರೆದಿದ್ದೆ? ದಕ್ಷಿಣದ ದ್ವೀಪ ನೋಡಿಲ್ಲ ಎಂದಷ್ಟೇ ಬರೆದಿದ್ದೆ. ನೋಡದೆ ಸತ್ತವರು ಎಷ್ಟೋ ಜನ ಇದ್ದಾರೆ. ನನ್ನ ಮೊಣಕಾಲಿನ ಚಿಂತೆ ನೀನು ಮಾಡಬೇಡ, ಅದು ಎಪ್ಪತ್ತೊಂದು ವರ್ಷ ನನ್ನ ಮಾತು ಕೇಳಿದೆ.

ನನ್ನ ಕೋಣೆಯ ಬಣ್ಣ ಮುಗಿಯಿತು. ಹೊಸ ಮಂಚ ಬಂತು, ಎರಡು ದೀಪ ಬಂದವು. ಟವೆಲ್ಲುಗಳನ್ನು ಗೀತಾ ಹಂಸದ ಆಕಾರಕ್ಕೆ ಮಡಚುವುದನ್ನು ಕಲಿಯುತ್ತಿದ್ದಾಳೆ. ನಾರ್ವೆ ಎಂಬ ದೇಶದ ಇಬ್ಬರು ಹೆಂಗಸರು ಆ ಕೋಣೆಯಲ್ಲಿ ಇರುತ್ತಾರಂತೆ. ವಿಮಾನ ನಿಲ್ದಾಣವೂ ಹತ್ತಿರ, ರೈಲೂ ಹತ್ತಿರ, ಅದಕ್ಕೆ ನಮ್ಮ ಬೀದಿಯಲ್ಲಿ ಆರು ಮನೆಯವರು ಕೋಣೆ ಕೊಡುತ್ತಿದ್ದಾರೆ. ಕಿರಣ ನನ್ನ ಹತ್ತಿರ ಕೂತು ಸಮಾಧಾನ ಹೇಳಿದ: “ಅವ್ವಾ, ಒಂದ ತಿಂಗಳ ಮಾತು. ಬ್ಯಾಸರಾದ್ರ ವಚನಾನ ಹತ್ರ ಹೋಗಿ ಬಾ.” ಹೋಗಿ ಬಾ ಎನ್ನಲು ಅವನಿಗೇನು. ಹೋದಲ್ಲಿ ಬಾ ಎನ್ನುವವರು ಬೇಕು. ನಾನು ಅವನಿಗೆ ಹಾಗೆ ಹೇಳಲಿಲ್ಲ. ವಚನಾ ಕರೆದಿದ್ದಾಳೆ, ನನಗೇ ಹೋಗಲು ಮನಸ್ಸಿಲ್ಲ ಎಂದೆ. ನೀನು ಫೋನಿನಲ್ಲಿ ಬೇರೆ ಹೇಳಿ ನನ್ನ ಮಾತು ಸುಳ್ಳು ಮಾಡಬೇಡ.

ಮತ್ತೊಬ್ಬರ ತಾಯಿಗೆ ಹಾಸಿಗೆ ಹಾಸುವುದು ಒಳ್ಳೆಯದೇ. ಹಾಸುವುದಿದ್ದರೆ ಸರಿಯಾಗಿ ಹಾಸು. ಬಂದ ಕೂಡಲೇ ಕಾಲಿಗೆ ನೀರು ಕೊಡು, ಕುಡಿಯಲು ನೀರು ಕೊಡು, ಬೆಲ್ಲದ ತುಂಡು ಕೊಡು. ಆಮೇಲೆ ಮಾತು. ಎಷ್ಟು ದಿನ ಇರುತ್ತೀರಿ ಎಂದು ಎಂದೂ ಕೇಳಬೇಡ. ಬಂದವರಿಗೆ ಅದಕ್ಕಿಂತ ದೊಡ್ಡ ಅವಮಾನ ಇಲ್ಲ. ನಿಮ್ಮಪ್ಪ ತಹಶೀಲ್ದಾರ್ ಕಚೇರಿಯಲ್ಲಿದ್ದಾಗ ನಮ್ಮ ಮನೆಗೆ ವಾರಗಟ್ಟಲೆ ಜನ ಬಂದು ಉಳಿಯುತ್ತಿದ್ದರು. ಒಬ್ಬರನ್ನೂ ಕೇಳಿದವಳಲ್ಲ ನಾನು.

ಗಂಗವ್ವ


ಡನೀಡಿನ್
18 ಜೂನ್ 2023

ಅವ್ವನಿಗೆ,

ಒಬ್ಬರನ್ನೂ ಕೇಳಿದವಳಲ್ಲ ಎಂದು ನೀನು ಬರೆದಿದ್ದೀಯ. ನನ್ನನ್ನು ಕೇಳಿದ್ದೆ. ಆ ಮಾತನ್ನೇ ಇವತ್ತು ಬರೆಯುತ್ತೇನೆ. ಇವತ್ತು ಬರೆಯದಿದ್ದರೆ ಇನ್ನೆಂದೂ ಬರೆಯುವುದಿಲ್ಲ.

ನಿನ್ನೆ ಸ್ವಯಂಸೇವಕರನ್ನೆಲ್ಲ ತರಬೇತಿಯ ಭಾಗವೆಂದು ಊರಾಚೆ ಒಂದು ಮರಾಯಿಗೆ ಕರೆದೊಯ್ದಿದ್ದರು. ಮರಾಯಿ ಎಂದರೆ ಮಾವೋರಿ ಜನ ಸೇರುವ ಅಂಗಳ, ಅದರ ಮನೆ. ಅಲ್ಲಿಗೆ ಹೋದವರು ಗೇಟಿನ ಹೊರಗೆ ಗುಂಪಾಗಿ ನಿಲ್ಲಬೇಕು. ಎಷ್ಟೇ ಮಳೆ, ಚಳಿ ಇರಲಿ, ಕರೆಯದೆ ಒಳಗೆ ಕಾಲಿಡುವ ಹಾಗಿಲ್ಲ. ಕರೆಯುವವಳು ಹೆಂಗಸು. ನಿನ್ನಷ್ಟು ವಯಸ್ಸಿನ ಒಬ್ಬಾಕೆ ಕಪ್ಪು ಬಟ್ಟೆ ಉಟ್ಟು ಮನೆಯ ಮುಂದೆ ನಿಂತಳು. ಉದ್ದ ದನಿ ತೆಗೆದು ಕರೆದಳು. ನಮ್ಮ ಗುಂಪಿನಿಂದ ಒಬ್ಬಳು ಅದೇ ದನಿಯಲ್ಲಿ ಓಗೊಟ್ಟಳು. ಆಗ ಎಲ್ಲರೂ ಮೆಲ್ಲನೆ ನಡೆದರು. ನಾನು ಮಾತ್ರ ಗೇಟಿನ ಹೊರಗೇ ನಿಂತಿದ್ದೆ. ಪಕ್ಕದವಳು ತೋಳು ಹಿಡಿದು ನಡೆಸಿದಳು. ಯಾಕೆ ಅಳುತ್ತೀಯ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಇದನ್ನೇ ಹೇಳುತ್ತಿದ್ದೆ.

2018ರ ಆಗಸ್ಟ್. ಪಂಚಮಿಗೆ ಇನ್ನೂ ಒಂದು ವಾರ ಇತ್ತು. ನಾನು ಬೆಳಿಗ್ಗೆ ಹತ್ತಕ್ಕೆ ಸೂಟ್‌ಕೇಸ್ ಹಿಡಿದು ನಿಮ್ಮ ಬಾಗಿಲಿಗೆ ಬಂದೆ. ಅಣ್ಣ, ಗೀತಾ ಕೆಲಸಕ್ಕೆ ಹೋಗಿದ್ದರು. ನೀನೇ ಬಾಗಿಲು ತೆಗೆದೆ. ಮೊದಲನೆಯ ಮಾತು:

“ಕರ್ಯಾಕ ಯಾರ ಬಂದಿದ್ರು?”

“ಯಾರೂ ಬಂದಿಲ್ಲವ್ವ. ನಾನ ಬಂದೆ.”

ನೀನು ಒಳಗೆ ಕೂರಿಸಿ ಚಹಾ ಕೊಟ್ಟೆ. ಚಹಾ ಮುಗಿದ ಮೇಲೆ ನೀನು ಹೇಳಿದೆ: “ಕರೀದ ತವರಿಗೆ ಬರೂ ಪದ್ಧತಿ ನಮ್ಮ ಮನಿತನದಾಗ ಇಲ್ಲ. ಪಂಚಮಿಗೆ ಕಿರಣ ಬರ್ತಾನ ಕರ್ಯಾಕ. ಅಲ್ಲೀತನಕ ನಿನ್ನ ಮನಿಯಾಗ ಇರು.” ಡಬ್ಬಿಯಲ್ಲಿ ಎರಡು ರೊಟ್ಟಿ, ಬದನೆಕಾಯಿ ಪಲ್ಯ ಹಾಕಿಕೊಟ್ಟೆ. ನಾನು ನಿತೀಶನ ಮನೆಗೆ ತಿರುಗಿ ಹೋಗಲಿಲ್ಲ. ವಿಮಾನ ನಿಲ್ದಾಣಕ್ಕೆ ಹೋಗಿ, ಮೊದಲು ಸಿಕ್ಕ ವಿಮಾನ ಹತ್ತಿದೆ. ಅದು ಡನೀಡಿನ್ನಿನದಾಗಿತ್ತು, ಅಷ್ಟೇ. ರೊಟ್ಟಿಯನ್ನು ಮೋಡದ ಮೇಲೆ ಕೂತು ತಿಂದೆ.

ಆ ದಿನ ನನ್ನ ಕೈ ನೀನು ನೋಡಲಿಲ್ಲ. ಜಾಕೆಟ್ಟಿನ ತೋಳು ಬೆರಳಿನವರೆಗೆ ಎಳೆದುಕೊಂಡಿದ್ದೆ. ಹಿಂದಿನ ದಿನ ನಿತೀಶ್ ಬಾಗಿಲ ಸಂದಿಯಲ್ಲಿ ಸಿಕ್ಕಿಸಿ ಒತ್ತಿದ ಕೈ. ನೋಡಿದ್ದರೆ ಅವ್ವ ಕಳಿಸುತ್ತಿರಲಿಲ್ಲ ಎಂದು ಐದು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ನಿನ್ನ ಮೇಲೆ ಪೂರಾ ಸಿಟ್ಟು ಬಾರದಂತೆ ಈ ಒಂದು ಮಾತು ತಡೆದಿದೆ.

ಬೇರೇನೂ ಇಲ್ಲ.

ವಚನಾ


ಡನೀಡಿನ್
23 ಜುಲೈ 2023

ಅವ್ವನಿಗೆ,

ಐದು ವಾರವಾಯಿತು. ನಿನ್ನ ಉತ್ತರ ಬಂದಿಲ್ಲ. ಇಲ್ಲಿ ಅಂಚೆಯವನು ದಿನ ಬಿಟ್ಟು ದಿನ ಬರುತ್ತಾನೆ, ಅವನು ಬರುವ ದಿನ ಡ್ಯೂಟಿ ಮುಗಿಸಿ ಬೇಗ ಬರುತ್ತೇನೆ. ಹೀಗೆ ಬರೆದೆ ಎಂದು ಗೆದ್ದೆನೆಂದುಕೊಳ್ಳಬೇಡ.

ನಾನು ಬರೆದದ್ದು ತಪ್ಪಾಯಿತೇನೋ. ಬರೆದದ್ದೆಲ್ಲ ನಿಜವೇ, ಆದರೆ ವಯಸ್ಸಾದವರಿಗೆ ಬರೆಯಬಾರದಿತ್ತು. ವಾರ್ಡಿನಲ್ಲಿ ದಿನವೂ ನಿನ್ನ ವಯಸ್ಸಿನವರನ್ನು ಎತ್ತಿ ಕೂರಿಸುತ್ತೇನೆ, ಅವರಿಗೆ ಯಾರಾದರೂ ಹೀಗೆ ಬರೆದರೆ ಬೈಯುತ್ತೇನೆ.

ಮರಿಸೆಲ್ಲಳ ತಾಯಿ ಬಂದಿದ್ದಾರೆ. ನೀನು ಹೇಳಿದ ಹಾಗೆ ಕಾಲಿಗೆ ನೀರು ಕೊಟ್ಟೆ. ಅವರು ಏನು ಮಾಡಬೇಕೆಂದು ತಿಳಿಯದೆ ಅದರಲ್ಲಿ ಮುಖ ತೊಳೆದರು. ಬೆಲ್ಲ ಮಾತ್ರ ಇಷ್ಟವಾಯಿತು, ಡಬ್ಬಿಯೇ ಖಾಲಿ. ಶುಕ್ರವಾರದ ಆಟದಲ್ಲಿ ಅವರ ತಂಡ ಸೋತಿತು. ಅವರು ಸೋತವರ ಹಾಗೆ ಕಾಣಲಿಲ್ಲ. ಮನೆಗೆ ಬಂದು ನನ್ನ ಅಡುಗೆಮನೆಯಲ್ಲಿ ಹಾಡಿಕೊಂಡು ಮೀನು ಹುರಿದರು. ವಾಸನೆ ಇನ್ನೂ ಪರದೆಯಲ್ಲಿದೆ.

ನಾನು ಸ್ವಯಂಸೇವಕರ ಜಾಕೆಟ್ ಹಾಕಿಕೊಂಡು ಬಸ್ ನಿಲ್ಲುವಲ್ಲಿ ಮೂರು ದಿನ ನಿಂತೆ. ಸಾವಿರ ಸಲ ಬನ್ನಿ, ಬನ್ನಿ ಎಂದಿದ್ದೇನೆ. ಸಂಜೆ ಮನೆಗೆ ಬಂದರೆ ಬಾಯಿ ನೋಯುತ್ತಿತ್ತು.

ಅಣ್ಣ ಫೋನ್ ಮಾಡಿದ್ದ. ಅವ್ವ ಚೆನ್ನಾಗಿದ್ದಾಳೆ, ಹೊಸ ಜಾಗಕ್ಕೆ ಹೊಂದಿಕೊಂಡಿದ್ದಾಳೆ ಎಂದ. ಯಾವ ಹೊಸ ಜಾಗ ಎಂದು ಕೇಳಿದರೆ ಮಾತು ತಿರುಗಿಸಿದ. ನಾನು ನಿನ್ನನ್ನು ಕರೆದಿದ್ದೇನೆ ಎಂದೇ ಅವನಿಗೆ ಹೇಳಿದೆ. ನಿನ್ನ ಮಾತು ಸುಳ್ಳಾಗಿಲ್ಲ.

ವಚನಾ


ಪಾಪಟೋಟೊಯಿ
30 ಜುಲೈ 2023

ವಚನಾ,

ನೀನು ಬರೆದದ್ದರಲ್ಲಿ ತಪ್ಪಿಲ್ಲ. ನಾನು ಆರು ಸಲ ಬರೆದು ಆರು ಸಲ ಹರಿದೆ. ಇದು ಏಳನೆಯದು. ಇದನ್ನು ಹರಿಯುವುದಿಲ್ಲ.

ಮೊದಲು ಹೊಸ ಜಾಗ. ಅದು ಗ್ಯಾರೇಜು. ಕಾರು ಹೊರಗೆ ನಿಲ್ಲುತ್ತದೆ. ನನಗೆ ಮಂಚ, ಚಾಪೆ, ಹೀಟರ್ ಎಲ್ಲ ಇದೆ. ಕಾಗದವನ್ನು ಫ್ರೀಜರಿನ ಮೇಲಿಟ್ಟು ಬರೆಯುತ್ತಿದ್ದೇನೆ, ಅದು ಆಗಾಗ ನಡುಗುತ್ತದೆ, ಅಕ್ಷರ ಓರೆಯಾದರೆ ಆ ಕಾರಣಕ್ಕೆ. ಪಡಸಾಲೆಯಲ್ಲಿ ಮಲಗು ಎಂದು ಕಿರಣ ಎರಡು ಸಲ ಹೇಳಿದ. ಅತಿಥಿಗಳು ಓಡಾಡುವ ಪಡಸಾಲೆಯಲ್ಲಿ ನಾನು ಹಾಸಿಗೆ ಬಿಚ್ಚುವವಳಲ್ಲ. ಗ್ಯಾರೇಜನ್ನು ನಾನೇ ಕೇಳಿ ಪಡೆದೆ. ಅದರಿಂದ ಅವನ ಮೇಲೆ ತಪ್ಪು ಹೊರಿಸಬೇಡ. ಪೂರಾ ಅವನದೂ ಅಲ್ಲ.

ನಾರ್ವೆಯ ಹೆಂಗಸರು ಒಳ್ಳೆಯವರು. ಅವರು ಬಂದ ದಿನ ಕಿರಣ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಪರಿಚಯ ಮಾಡಿಸಿದ. ಪೂರ್ವಿ ನನ್ನ ಕೈ ಹಿಡಿದುಕೊಂಡು, “ದಿಸ್ ಈಸ್ ಮೈ ಆಯಿ. ಶಿ ಲಿವ್ಸ್ ಇನ್ ದ ಗ್ಯಾರೇಜ್” ಎಂದಳು. ಗೀತಾ ಜೋರಾಗಿ ನಕ್ಕಳು, ಕಿರಣನೂ ನಕ್ಕ. ಆ ಇಬ್ಬರು ಹೆಂಗಸರು ನಗಲಿಲ್ಲ. ಅಷ್ಟು ಇಂಗ್ಲಿಷು ನನಗೆ ಬರುತ್ತದೆ. ಮಗುವಿನ ತಪ್ಪಲ್ಲ, ಅದು ಕಂಡದ್ದು ಹೇಳಿತು. ಮರುದಿನ ಬೆಳಿಗ್ಗೆ ಅವರಲ್ಲಿ ಹಿರಿಯಳು ಗ್ಯಾರೇಜಿಗೆ ಬಂದು, ನಿನ್ನ ಕೋಣೆ ನೀನು ತೆಗೆದುಕೋ ಎಂಬಂತೆ ಕೈಸನ್ನೆ ಮಾಡಿದಳು. ನಾನು ಅವಳನ್ನು ಮಂಚದ ಮೇಲೆ ಕೂರಿಸಿ ಚಹಾ ಕೊಟ್ಟೆ. ನಾನು ಇಲ್ಲಿ ಇಷ್ಟಪಟ್ಟೇ ಇದ್ದೇನೆ ಎಂದು ನಕ್ಕು ತೋರಿಸಿದೆ. ನಗುವುದು ಎಷ್ಟು ಕಷ್ಟವೆಂದು ಆ ದಿನ ಗೊತ್ತಾಯಿತು. ನೀನು ಬಸ್ಸಿನ ಹತ್ತಿರ ಮೂರು ದಿನ ಹೇಗೆ ನಿಂತೆಯೋ.

ಆಟ ಶುರುವಾದ ದಿನ ನಾನೊಬ್ಬಳೇ ನಮ್ಮ ಸ್ಟೇಷನ್ನಿಗೆ ನಡೆದು ಹೋಗಿ ಬೆಂಚಿನ ಮೇಲೆ ಕೂತಿದ್ದೆ. ರೈಲಿನ ತುಂಬ ಜನ. ಬಾವುಟ ಹೊದ್ದ ಅಪ್ಪಂದಿರು, ಮುಖಕ್ಕೆ ಬಣ್ಣ ಬಳಿದುಕೊಂಡ ಹೆಣ್ಣುಮಕ್ಕಳು. ಬಣ್ಣಬಣ್ಣದ ಜಾಕೆಟ್ಟಿನ ಹುಡುಗಿಯೊಬ್ಬಳು ಎಲ್ಲರಿಗೂ ಬನ್ನಿ ಎನ್ನುತ್ತಿದ್ದಳು. ನನ್ನನ್ನೂ ಕಂಡು ವೆಲ್ಕಮ್ ಎಂದಳು. ನಾನು ಇದೇ ಊರಿನವಳು ಎನ್ನಲು ಬಾಯಿ ತೆರೆದೆ. ಹೌದೇ ಅಲ್ಲವೇ ಎಂದು ನನಗೇ ತಿಳಿಯಲಿಲ್ಲ. ಎರಡು ರೈಲು ಹೋದವು. ಎದ್ದು ಬಂದೆ.

ಈಗ ನಿನ್ನ ಕೈ.

ನೋಡಿದ್ದೆ.

ನೀನು ಎಡಚಿ. ಸ್ಲೇಟು, ತುತ್ತು, ಪೊರಕೆ, ಎಲ್ಲಕ್ಕೂ ಎಡಗೈ. ಬಲಗೈಯಲ್ಲಿ ಉಣ್ಣು ಎಂದು ಹತ್ತು ವರ್ಷ ಹೊಡೆದರೂ ಬದಲಾಗದವಳು. ಆ ದಿನ ಚಹಾದ ಕಪ್ಪನ್ನು ಬಲಗೈಯಲ್ಲಿ ಹಿಡಿದೆ. ನಾನು ಎದುರಿಗೇ ಕೂತಿದ್ದೆ. ಆಮೇಲೆ ಕಪ್ಪು ತೊಳೆಯಲು ನೀನು ತೋಳು ಸರಿಸಿದಾಗ ಮಣಿಕಟ್ಟು ಬದನೆಕಾಯಿಯ ಬಣ್ಣಕ್ಕೆ ಬಂದಿತ್ತು. ನಾನು ಬೆನ್ನು ತಿರುಗಿಸಿ ರೊಟ್ಟಿ ಕಟ್ಟಿದೆ.

ಯಾಕೆ ಕಳಿಸಿದೆ ಎಂದು ಕೇಳಿದರೆ, ಒಂದು ವಾರದ ಮಾತು ಎಂದುಕೊಂಡೆ. ಪಂಚಮಿಗೆ ಕಿರಣ ಬಂದು ಮರ್ಯಾದೆಯಿಂದ ಕರೆತಂದರೆ ಆಮೇಲೆ ಕಳಿಸದೆ ಇಟ್ಟುಕೊಳ್ಳಬಹುದು, ಯಾರೂ ಆಡಿಕೊಳ್ಳುವುದಿಲ್ಲ ಎಂದು ಲೆಕ್ಕ ಹಾಕಿದೆ. ಯಾರು ಆಡಿಕೊಳ್ಳುತ್ತಿದ್ದರು? ಹಂಟರ್ಸ್ ಕಾರ್ನರಿನ ನಾಲ್ಕು ಜನ. ಅವರಲ್ಲಿ ಇಬ್ಬರ ಹೆಸರೂ ಈಗ ನೆನಪಿಲ್ಲ.

ಪಂಚಮಿಯ ದಿನ ಕಿರಣ ಕರೆಯಲು ಹೋದ. ನಿತೀಶ್ ಬಾಗಿಲಲ್ಲೇ ನಿಂತು, ಅವಳು ನಿಮ್ಮಲ್ಲೇ ಇದ್ದಾಳಲ್ಲ ಎಂದನಂತೆ. ನಾನು ಮಾಡಿದ್ದ ಶೇಂಗಾದ ಉಂಡೆ, ಎಳ್ಳುಂಡೆ ಒಂದು ತಿಂಗಳು ಡಬ್ಬಿಯಲ್ಲಿದ್ದವು. ಯಾರಿಗೂ ಮುಟ್ಟಲು ಬಿಡಲಿಲ್ಲ.

ನಿನ್ನನ್ನು ತಡೆದಿದ್ದ ಆ ಒಂದು ಮಾತನ್ನು ನಾನು ತೆಗೆದುಬಿಟ್ಟಿದ್ದೇನೆ ಎಂದು ಗೊತ್ತು. ಆದರೂ ಬರೆದೆ. ನೀನು ಸುಳ್ಳಿನ ಮೇಲೆ ನನ್ನನ್ನು ಕ್ಷಮಿಸುವುದು ನನಗೆ ಬೇಡ.

ಗಂಗವ್ವ


ಪಾಪಟೋಟೊಯಿ
13 ಆಗಸ್ಟ್ 2023

ಚಿ. ವಚನಾಳಿಗೆ,

ನಿನ್ನಿಂದ ಉತ್ತರ ಬಂದಿಲ್ಲ. ಬರಬೇಕೆಂದು ನಾನು ಕೇಳುವುದಿಲ್ಲ. ಹೆಸರಿನ ಹಿಂದಿನ ಆ ಅಕ್ಷರ ಬಿಟ್ಟಿದ್ದೇನೆ, ನೋಡಿರಬಹುದು.

ನಾರ್ವೆಯ ಹೆಂಗಸರು ಹೋದರು. ಹೋಗುವಾಗ ನನಗೆ ಉಣ್ಣೆಯ ಕಾಲುಚೀಲ ಕೊಟ್ಟು ಹೋದರು. ನನ್ನ ಟ್ರಂಕು ಮಾತ್ರ ಒಳಗೆ ಬರಲಿಲ್ಲ. ಕೋಣೆಗೆ ಬೇರೆ ಬೇರೆ ಊರಿನವರು ಕೇಳುತ್ತಿದ್ದಾರಂತೆ. ಬೇಸಿಗೆಯವರೆಗೆ ಹೀಗೇ ಇರಲಿ, ಆಮೇಲೆ ನೋಡೋಣ ಎಂದು ಕಿರಣ ಹೇಳಿದ. ಅವನ ಮುಖ ನೋಡಿದೆ. ಚಿಕ್ಕವನಿದ್ದಾಗ ಸುಳ್ಳು ಹೇಳುವಾಗ ಕಿವಿ ಮುಟ್ಟಿಕೊಳ್ಳುತ್ತಿದ್ದ, ಈಗಲೂ ಮುಟ್ಟಿಕೊಂಡ.

ಈ ಸಲ ಅಧಿಕ ಮಾಸ ಬಂದದ್ದರಿಂದ ಪಂಚಮಿ ತಡವಾಗಿದೆ. ಆಗಸ್ಟ್ ಇಪ್ಪತ್ತೊಂದು, ಸೋಮವಾರ. ಆ ವರ್ಷ ಪಂಚಮಿಗೆ ಕರೆಯಲು ಬರುತ್ತೇವೆಂದು ನಿನಗೆ ಮಾತು ಕೊಟ್ಟಿದ್ದೆ. ಕಿರಣನಿಗೆ ಹೇಳಿದೆ. ಆಫೀಸು ಇದೆ ಅವ್ವ, ವಿಡಿಯೋ ಕಾಲ್ ಮಾಡೋಣ ಎಂದ. ಹೀಗಾಗಿ ನಾನೇ ಬರುತ್ತಿದ್ದೇನೆ.

ನೀನು ನನ್ನನ್ನು ಕರೆದಿಲ್ಲ. ಇದನ್ನು ಎಷ್ಟೋ ದಿನ ಯೋಚಿಸಿದೆ. ಕೊನೆಗೆ ಒಂದು ಹೊಳೆಯಿತು: ಕರೆಯಲು ಹೋಗುವವರನ್ನು ಯಾರೂ ಕರೆಯಬೇಕಾಗಿಲ್ಲ. ನಮ್ಮ ಅಣ್ಣಂದಿರು ನನ್ನನ್ನು ಕರೆಯಲು ಬಂದಾಗ ಯಾರ ಅಪ್ಪಣೆ ಕೇಳಿ ಬಂದರು? ಬಂಡಿ ಹೂಡಿದರು, ಬಂದರು.

ಹಂಟರ್ಸ್ ಕಾರ್ನರಿನಲ್ಲಿ ಟಿಕೆಟ್ ಮಾಡಿಕೊಡುವ ತಾರಾ ಎಂಬ ಹುಡುಗಿ ಇದ್ದಾಳೆ, ಮೈಸೂರು ಕಡೆಯವಳು. “ಆಂಟಿ, ಹೋಗೋದಕ್ಕೆ ಮಾತ್ರಾನಾ, ವಾಪಸ್ಸಿಗೂ ಮಾಡ್ಲಾ?” ಎಂದು ಕೇಳಿದಳು. ನಾನು ಉತ್ತರ ಕೊಟ್ಟೆ. ಶನಿವಾರ ಹತ್ತೊಂಬತ್ತರಂದು ಬೆಳಿಗ್ಗೆ ಒಂಬತ್ತಕ್ಕೆ ಡನೀಡಿನ್ನಿನಲ್ಲಿ ಇಳಿಯುತ್ತೇನೆ. ಉಂಡೆ ಮಾಡಿ ಡಬ್ಬಿಗೆ ತುಂಬಿದ್ದೇನೆ. ಶೇಂಗಾ ಹುರಿಯಲು ಗೀತಾ ಅಡುಗೆಮನೆ ಬಿಟ್ಟುಕೊಟ್ಟಳು. ಅವಳೂ ತನ್ನ ತವರಿಗೆ ಹೋಗಿ ಏಳು ವರ್ಷವಾಯಿತು, ಪಾಪ, ನನಗೆ ಈಗ ನೆನಪಾಯಿತು.

ಇನ್ನೊಂದು ಮಾತು. ನಿನ್ನನ್ನು ಎಲ್ಲಿಗೆ ಕರೆದುಕೊಂಡು ಹೋಗುತ್ತೇನೆ ಎಂದು ಕೇಳಬೇಡ.

ಗಂಗವ್ವ


ನಾರ್ತ್ ಈಸ್ಟ್ ವ್ಯಾಲಿ
19 ಆಗಸ್ಟ್ 2023, ಬೆಳಿಗ್ಗೆ ಆರೂಕಾಲು

ಅವ್ವಾ,

ನಿನ್ನ ಕಾಗದ ನಿನ್ನೆ ಸಂಜೆ ಕೈಗೆ ಬಂತು. ಇವತ್ತು ಏಳಕ್ಕೆ ಡ್ಯೂಟಿ. ವಾರ್ಡಿನಲ್ಲಿ ಮೂವರು ನರ್ಸುಗಳಿಗೆ ಜ್ವರ, ಬದಲಿಗೆ ಯಾರೂ ಸಿಗಲಿಲ್ಲ. ವಿಮಾನ ನಿಲ್ದಾಣಕ್ಕೆ ಬರಲು ಆಗಲಿಲ್ಲ. ಎಲ್ಲ ದೇಶದವರಿಗೂ ಬನ್ನಿ ಎಂದು ನಿಂತವಳು ನಿನಗೆ ಮಾತ್ರ ನಿಲ್ಲಲಿಲ್ಲ. ಹಟದಿಂದ ಬರಲಿಲ್ಲ ಎಂದುಕೊಳ್ಳಬೇಡ. ಸ್ವಲ್ಪ ಹಟವೂ ಇತ್ತು. ಅದು ಬೆಳಿಗ್ಗೆ ಐದರವರೆಗೆ ಮಾತ್ರ.

ಟ್ಯಾಕ್ಸಿಯವನಿಗೆ ಮನೆ ನಂಬರು ಗೊತ್ತು, ಫೋನ್ ಮಾಡಿ ಹೇಳಿದ್ದೇನೆ. ನಿನ್ನ ಹೆಸರು ಬರೆದ ಹಲಗೆ ಹಿಡಿದು ನಿಂತಿರುತ್ತಾನೆ. ಬಾಗಿಲಿಗೆ ಬೀಗ ಹಾಕಿಲ್ಲ, ಈ ಕಾಗದವನ್ನು ಅದಕ್ಕೇ ಸಿಕ್ಕಿಸಿ ಹೋಗುತ್ತೇನೆ. ಹೊಸ್ತಿಲ ಪಕ್ಕ ತಂಬಿಗೆಯಲ್ಲಿ ಕಾಲಿಗೆ ನೀರಿದೆ. ಬಿಸಿ ಮಾಡಿ ಇಟ್ಟಿದ್ದೇನೆ, ನೀನು ಬರುವಷ್ಟರಲ್ಲಿ ತಣ್ಣಗಾಗಿರುತ್ತದೆ. ಮೇಜಿನ ಮೇಲೆ ಬೆಲ್ಲ ಇದೆ. ಹೀಟರಿನ ಗುಂಡಿ ಎಡಕ್ಕೆ ತಿರುಗಿಸಬೇಕು. ಮರಿಸೆಲ್ಲಳ ತಾಯಿ ಹೋದರು, ಸಣ್ಣ ಕೋಣೆಯ ಹಾಸಿಗೆ ಬದಲಿಸಿದ್ದೇನೆ. ಮೀನಿನ ವಾಸನೆ ಇದ್ದರೆ ಕಿಟಕಿ ತೆರೆ.

ನೋಡಿದ್ದೆ ಎಂದು ನೀನು ಬರೆದದ್ದಕ್ಕೆ ನನ್ನ ಹತ್ತಿರ ಇನ್ನೂ ಉತ್ತರವಿಲ್ಲ. ಹುಡುಕಿದೆ, ಸಿಗಲಿಲ್ಲ. ಇವತ್ತು ಸಂಜೆಯೂ ಸಿಗಲಿಕ್ಕಿಲ್ಲ. ನೀನು ಎದುರಿಗೆ ಕೂತಾಗ ನಾನು ಮಾತಾಡದಿದ್ದರೆ ಅದನ್ನು ಬೇರೆ ಅರ್ಥ ಮಾಡಿಕೊಳ್ಳಬೇಡ.

ವಾಪಸ್ಸು ಯಾವಾಗ ಎಂದು ನೀನು ಬರೆದಿಲ್ಲ. ನಾನೂ ಕೇಳುವುದಿಲ್ಲ. ಬಂದವರನ್ನು ಕೇಳಬಾರದು ಎಂದು ನೀನೇ ಹೇಳಿದ್ದೀಯ.

ಮೂರೂವರೆಗೆ ಡ್ಯೂಟಿ ಮುಗಿಯುತ್ತದೆ. ಬಸ್ಸು ಹಿಡಿದು ನಾಲ್ಕಕ್ಕೆ ಮನೆಗೆ ಬರುತ್ತೇನೆ.

ವಚನಾ


(ಅದೇ ಹಾಳೆಯ ಹಿಂಬದಿಯಲ್ಲಿ)

ವಚನಾ,

ನಾನು ಬಂದು ಮುಟ್ಟಿದ್ದೇನೆ. ಬೇರೆ ಕಾಗದ ಎಲ್ಲಿಟ್ಟಿದ್ದೀಯೋ ತಿಳಿಯಲಿಲ್ಲ, ನಿನ್ನದರ ಬೆನ್ನಿಗೇ ಬರೆಯುತ್ತಿದ್ದೇನೆ. ನೀನು ಬಂದ ಮೇಲೆ ಬಾಯಿಂದ ಹೇಳಲು ಆಗುತ್ತದೋ ಇಲ್ಲವೋ, ಅದಕ್ಕೆ.

ಟ್ಯಾಕ್ಸಿಯವನ ಹಲಗೆಯಲ್ಲಿ ನನ್ನ ಹೆಸರು ತಪ್ಪಾಗಿತ್ತು, ಆದರೂ ನನ್ನದೇ ಎಂದು ಗೊತ್ತಾಯಿತು. ಊರ ನಡುವಿನ ಚೌಕದಲ್ಲಿ ಇಬ್ಬರು ಏಣಿ ಹಾಕಿಕೊಂಡು ಕಂಬದಿಂದ ಬಾವುಟ ಇಳಿಸುತ್ತಿದ್ದರು. ಬರುವವರೆಲ್ಲ ಬಂದು ಹೋದರು ಎಂದು ಅವನು ಹೇಳಿದ. ನಾನು ಈಗ ಬಂದೆ ಎಂದೆ. ಅವನಿಗೆ ಅರ್ಥವಾಗಲಿಲ್ಲ.

ತಂಬಿಗೆಯ ನೀರು ಕಾಲು ಕೊರೆಯುವಷ್ಟು ತಣ್ಣಗಿತ್ತು. ಅದರಲ್ಲೇ ಕಾಲು ತೊಳೆದು ಒಳಗೆ ಬಂದೆ. ಬೆಲ್ಲ ತಿಂದೆ. ನಿನ್ನ ಮನೆಯಲ್ಲಿ ಎಲ್ಲವೂ ಒಂದೊಂದೇ ಇದೆ. ಒಂದು ತಟ್ಟೆ, ಒಂದು ಲೋಟ, ಒಂದು ಕುರ್ಚಿ. ಎಡಗೈಗೆ ಸಿಗುವ ಹಾಗೆ ಇಟ್ಟಿದ್ದೀಯ. ಉಂಡೆಯ ಡಬ್ಬಿಯನ್ನೂ ಮೇಜಿನ ಎಡಕ್ಕೇ ಇಟ್ಟಿದ್ದೇನೆ.

ನೀನು ಕೇಳದಿದ್ದರೂ ಟಿಕೆಟ್ಟಿನ ಮಾತು ಹೇಳುತ್ತೇನೆ. ಬರುವುದಕ್ಕೆ ಮಾತ್ರ ತೆಗೆದುಕೊಂಡೆ. ವಾಪಸ್ಸು ಯಾವ ಊರಿಗೆ ಎಂದು ತಾರಾ ಕೇಳಿದಾಗ ಊರಿನ ಹೆಸರು ಬಾಯಿಂದ ಹೊರಡಲಿಲ್ಲ. ನಿನ್ನನ್ನು ಕರೆಯಲು ಬಂದಿದ್ದೇನೆ, ಕರೆದೊಯ್ಯಲು ನನ್ನ ಹತ್ತಿರ ಮನೆಯಿಲ್ಲ. ಇಂಥ ಕರೆಯುವವರನ್ನು ಯಾರೂ ಕಂಡಿರಲಿಕ್ಕಿಲ್ಲ. ಬೇಡವೆಂದರೆ ಹೇಳು, ನನಗೆ ಗ್ಯಾರೇಜು ಅಭ್ಯಾಸವಾಗಿದೆ.

ಮಧ್ಯಾಹ್ನ ಮೂರಾಯಿತು. ಬಿಸಿಲು ನೀನು ಬರೆದ ಹಾಗೆಯೇ ಗುಡ್ಡದ ಹಿಂದೆ ಹೋಯಿತು. ಇದು ನಿನ್ನ ಮನೆ, ನಿನಗೆ ಬಾಗಿಲು ತೆಗೆಯುವ ಹಕ್ಕು ನನಗಿಲ್ಲ. ಆದರೂ ತೆಗೆದು ಇಟ್ಟಿದ್ದೇನೆ. ಚಳಿ ಒಳಗೆ ಬರುತ್ತಿದೆ, ಬರಲಿ. ಬಾಗಿಲಿಗೆ ಎದುರಾಗಿ ಆ ಒಂದು ಕುರ್ಚಿ ಹಾಕಿಕೊಂಡು ಕೂತಿದ್ದೇನೆ. ತಂಬಿಗೆಯಲ್ಲಿ ಹೊಸ ನೀರು ಕಾಯಿಸಿ ಇಟ್ಟಿದ್ದೇನೆ.

ನೀನು ಬಂದಾಗ, ಕರೆಯಲು ಯಾರು ಬಂದಿದ್ದರು ಎಂದು ಕೇಳುವುದಿಲ್ಲ.

ಅವ್ವ